ಅಂಚೆ ಮೋಡಕ್ಕೆ ಹೋಗಲಿ, ಬೀಗದಕೈ ನಮ್ಮಲ್ಲಿರಲಿ

ಅಡಿಕೆ ಧಾರಣೆ, ಕಾಫಿ ಧಾರಣೆ ಬಿಟ್ಟು ಈ ತಿಂಗಳು ಕಂಪ್ಯೂಟರಿನ ಮಾತೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣವಿದೆ. ಸಂಘದ ಈಮೇಲನ್ನು ಬಾಡಿಗೆಯ ಕ್ಲೌಡ್ ಸೇವೆಗೆ ವರ್ಗಾಯಿಸಿದ ಖರ್ಚು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಮಂಜೂರಾತಿಗೆ ಬರಲಿದೆ. ‘ಒಂದು ಸಲ ದುಡ್ಡು ಕೊಟ್ಟು ಯಂತ್ರ ತಂದಿದ್ದೆವಲ್ಲ, ಈಗ ತಿಂಗಳು ತಿಂಗಳು ಬಾಡಿಗೆ ಏಕೆ?’ ಎಂದು ಕಛೇರಿಗೆ ಬಂದವರೆಲ್ಲ ಕೇಳುತ್ತಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕ್ಲೌಡ್ ಬೇಡವೆಂದು ಹಿಂದೆ ಇದೇ ಪುಟದಲ್ಲಿ ಬರೆದವರೂ ನಾವೇ. ಆದುದರಿಂದ ನಮ್ಮ ಅಭಿಪ್ರಾಯ ಬದಲಾದುದೇಕೆಂದು ಹೇಳುವ ಹೊಣೆಯೂ ನಮ್ಮ ಮೇಲಿದೆ.

2025ರ ಮೇ ತಿಂಗಳ ಒಂದು ಸಂಜೆ, ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯಲ್ಲಿ ಕಛೇರಿಗೆ ಸಿಡಿಲಿನ ಹೊಡೆತ ಬಿತ್ತು. ಯುಪಿಎಸ್ ಇತ್ತು, ಅರ್ಥಿಂಗೂ ಇತ್ತು. ಆದರೆ ಯುಪಿಎಸ್ ಕಾಯುತ್ತಿದ್ದುದು ಕರೆಂಟಿನ ಬಾಗಿಲನ್ನು. ಸಿಡಿಲು ಬಂದದ್ದು ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಮೋಡೆಮ್ ಸುಟ್ಟಿತು, ಅಲ್ಲಿಂದ ಒಳಗಿನ ತಂತಿ ಹಿಡಿದು ಸರ್ವರ್ ಸುಟ್ಟಿತು. ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಏಕಕಾಲಕ್ಕೆ ಬರೆಯಲ್ಪಡುತ್ತಿತ್ತು. ಒಂದು ಕೆಟ್ಟರೆ ಇನ್ನೊಂದಿದೆಯೆಂಬ ಧೈರ್ಯ ನಮಗೆ. ಎರಡೂ ಒಟ್ಟಿಗೇ ಹೋದವು. ಮೂರನೆಯದಾಗಿ ಬ್ಯಾಕಪ್ ಡಿಸ್ಕ್ ಎಂಬುದೊಂದು ಇತ್ತು. ಪ್ರತಿ ಶನಿವಾರ ಜೋಡಿಸಿ, ಪ್ರತಿ ತೆಗೆದು, ಬಿಚ್ಚಿ ಕಪಾಟಿನಲ್ಲಿಡಬೇಕೆಂಬ ನಿಯಮವಿತ್ತು. ಯಾವ ಶನಿವಾರದಿಂದಲೋ ಅದು ಬಿಚ್ಚದೆ ಸರ್ವರಿನ ಮೇಲೆಯೇ ಕುಳಿತಿತ್ತು. ಅದೂ ಹೋಯಿತು.

ಹೋದದ್ದೇನು? ಪತ್ರಗಳು ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಯೂರೋಪಿನ ಒಕ್ಕೂಟ 2023ರಲ್ಲಿ ಅರಣ್ಯನಾಶ ವಿರೋಧಿ ನಿಯಮವೊಂದನ್ನು ತಂದಿದೆ. ಜಾರಿಯ ದಿನಾಂಕ ಎರಡು ಸಲ ಮುಂದೆ ಹೋಗಿದೆ, ಆದರೆ ನಿಯಮ ಹೋಗಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾಫಿ ಬೆಳೆದ ತೋಟದ ಅಕ್ಷಾಂಶ ರೇಖಾಂಶವನ್ನು ಒದಗಿಸಬೇಕು. 4 ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಒಂದು ಬಿಂದು ಸಾಕು, ದೊಡ್ಡದಕ್ಕೆ ಗಡಿಯ ಸುತ್ತಳತೆಯೇ ಬೇಕು. ನಮ್ಮ ಸದಸ್ಯರಲ್ಲಿ ಬಹುಪಾಲು ಚಿಕ್ಕ ಹಿಡುವಳಿಯವರು. ಆ ಚಳಿಗಾಲವೆಲ್ಲ ಕಛೇರಿಯ ಹುಡುಗರು ಫೋನ್ ಹಿಡಿದು ತೋಟ ತೋಟ ಸುತ್ತಿ ಬಿಂದುಗಳನ್ನು ಗುರುತಿಸಿ, ಸಂಜೆಗೆ ಈಮೇಲಿನಲ್ಲಿ ಕಳಿಸುತ್ತಿದ್ದರು. ಬೇರೆ ಕಡೆ ಇಟ್ಟಿರಲಿಲ್ಲ. ಈಮೇಲೇ ಕಡತ, ಈಮೇಲೇ ಕಪಾಟು. ಇದು ನಮ್ಮದೊಂದೇ ಕಛೇರಿಯ ಅಭ್ಯಾಸವಲ್ಲವೆಂದು ನಂಬಿದ್ದೇವೆ, ಆದರೆ ಅದು ಸಮಾಧಾನದ ಮಾತಲ್ಲ.

ಅರ್ಧದಷ್ಟು ಮಾಹಿತಿ ಉಳಿಯಿತು. ಉಳಿಸಿದ್ದು ನಮ್ಮ ಲೆಕ್ಕಿಗರ ಹಳೆಯ ಕಂಪ್ಯೂಟರ್. ಅದರಲ್ಲಿ ಪಿಒಪಿ ಎಂಬ ಹಳೆಯ ಪದ್ಧತಿಯಲ್ಲಿ ಈಮೇಲ್ ಬರುತ್ತಿತ್ತು; ಅಂದರೆ ಪತ್ರ ಆ ಯಂತ್ರಕ್ಕೇ ಇಳಿದು ಅಲ್ಲಿಯೇ ಉಳಿಯುತ್ತಿತ್ತು. ‘ಇದನ್ನಿನ್ನೂ ಬದಲಿಸಿಲ್ಲವೇ?’ ಎಂದು ಅವರನ್ನು ಹಲವು ಸಲ ಹಾಸ್ಯ ಮಾಡಿದ್ದೆವು. ಉಳಿದರ್ಧ ಸದಸ್ಯರ ತೋಟಕ್ಕೆ ಹುಡುಗರು ಜಿಗಣೆ ಕಚ್ಚಿಸಿಕೊಂಡು ಮಳೆಯಲ್ಲಿ ಮತ್ತೆ ಹೋಗಬೇಕಾಯಿತು. ಬೋರ್ಡೋ ಸಿಂಪಡಣೆಯ ಗಡಿಬಿಡಿಯಲ್ಲಿದ್ದರೂ ಗೊಣಗದೆ ತೋಟ ತೋರಿಸಿದ ಸದಸ್ಯರಿಗೆ ಇಲ್ಲಿ ಕೃತಜ್ಞತೆ ಹೇಳಲೇಬೇಕು.

ಇಷ್ಟಾದರೂ ನಮ್ಮನ್ನು ಹೆಚ್ಚು ಕಾಡಿದ್ದು ಸಿಡಿಲಲ್ಲ, ಅದರ ನಂತರದ ದಿನಗಳು. ಈಮೇಲಿನ ವ್ಯವಸ್ಥೆಯಲ್ಲಿ ಒಂದು ಸೌಜನ್ಯವಿದೆ. ನಮ್ಮ ಸರ್ವರ್ ಬಾಗಿಲು ತೆರೆಯದಿದ್ದರೆ, ಕಳಿಸುವವರ ಸರ್ವರ್ ಪತ್ರವನ್ನು ಒಡನೆ ಬಿಸಾಡುವುದಿಲ್ಲ. ತನ್ನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಂದು ಬಾಗಿಲು ಬಡಿಯುತ್ತದೆ. ಸಾಮಾನ್ಯವಾಗಿ 4-5 ದಿನ ಹೀಗೆ ಪ್ರಯತ್ನಿಸಿ, ಆಮೇಲೆ ಪತ್ರ ತಲುಪಲಿಲ್ಲವೆಂದು ಕಳಿಸಿದವರಿಗೆ ತಿಳಿಸುತ್ತದೆ. (ಎಲ್ಲ ಯಂತ್ರಗಳೂ ಇಷ್ಟು ತಾಳ್ಮೆಯವಲ್ಲ.) ಆ 4 ದಿನಗಳೊಳಗೆ, ‘ನಮ್ಮ ಅಂಚೆಯನ್ನು ಇನ್ನು ಮೇಲೆ ಇಂಥ ಸರ್ವರಿಗೆ ಕೊಡಿ’ ಎಂಬ ಒಂದು ನಮೂದನ್ನು ಬದಲಿಸಿದ್ದರೆ, ಬರುತ್ತಿದ್ದ ಪತ್ರಗಳಲ್ಲಿ ಬಹುಪಾಲು ಉಳಿಯುತ್ತಿತ್ತು. ಎಂಎಕ್ಸ್ ನಮೂದು ಎನ್ನುತ್ತಾರೆ ಅದಕ್ಕೆ. ಒಂದು ಸಾಲಿನ ಬರಹ. ಬದಲಿಸಲು ಕಾಲು ಗಂಟೆ ಬೇಡ.

ನಮಗೆ 11 ದಿನ ಬೇಕಾಯಿತು. ಏಕೆಂದರೆ ಆ ನಮೂದು ಇರುವುದು ಡೊಮೈನ್ ಎಂಬ ನಮ್ಮ ಹೆಸರಿನ ಖಾತೆಯಲ್ಲಿ, ಅಂದರೆ ಈಮೇಲ್ ವಿಳಾಸದಲ್ಲಿ ಬಾಲದಂತೆ ಬರುವ ಸಂಘದ ಹೆಸರಿನ ನೋಂದಣಿಯಲ್ಲಿ. ಆ ನೋಂದಣಿ ಸಂಘದ ಹೆಸರಿನಲ್ಲಿ ಇರಲೇ ಇಲ್ಲ. ವರ್ಷಗಳ ಹಿಂದೆ ಸರ್ವರ್ ಜೋಡಿಸಿಕೊಟ್ಟ ತಂತ್ರಜ್ಞರು ತಮ್ಮ ಹೆಸರಿನಲ್ಲಿಯೇ ಮಾಡಿಸಿ, ಮೊದಲ ವರ್ಷದ ಶುಲ್ಕವನ್ನೂ ತಾವೇ ಕಟ್ಟಿದ್ದರು. ಅವರದು ದುರುದ್ದೇಶವಲ್ಲ, ನಾವು ಕೇಳಲಿಲ್ಲ ಅಷ್ಟೆ. ಅವರು ಊರು ಬಿಟ್ಟು, ಕೆಲಸ ಬದಲಿಸಿ, ಫೋನ್ ನಂಬರನ್ನೂ ಬದಲಿಸಿದ್ದರು. ಪಾಸ್‌ವರ್ಡ್ ಯಾರಲ್ಲಿಯೂ ಇರಲಿಲ್ಲ. ಮರೆತವರಿಗೆ ಹೊಸ ಪಾಸ್‌ವರ್ಡನ್ನು ಈಮೇಲಿಗೆ ಕಳಿಸುವ ಅನುಕೂಲವಿದೆಯಲ್ಲ, ಅದಕ್ಕೆ ಕೊಟ್ಟಿದ್ದ ವಿಳಾಸ ಯಾವುದು ಗೊತ್ತೇ? ಸುಟ್ಟುಹೋದ ಸರ್ವರಿನದೇ.

ತೋಟ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ ನೆಟ್ಟವರು ನಾವು, ಗೊಬ್ಬರ ಹಾಕಿದವರು ನಾವು, ಪಹಣಿ ಮಾತ್ರ ಇನ್ನೊಬ್ಬರ ಹೆಸರಿನಲ್ಲಿ. ಅಂಥವರು ತಾಲ್ಲೂಕು ಕಛೇರಿಗೆ ಅಲೆಯುವುದನ್ನು ಎಲ್ಲರೂ ನೋಡಿದ್ದೇವೆ.

ಹೀಗಾಗಿ ಸರ್ವರ್ ನಮ್ಮ ಕೋಣೆಯಲ್ಲಿದ್ದ ಮಾತ್ರಕ್ಕೆ ಈಮೇಲ್ ನಮ್ಮದಾಗಿರಲಿಲ್ಲ. ಹಿಂದೆ ನಾವು ಕ್ಲೌಡನ್ನು ವಿರೋಧಿಸಿದಾಗ ಕಾಫಿ ಪೂಲಿನ ಉದಾಹರಣೆ ಕೊಟ್ಟಿದ್ದೆವು. ಬೆಳೆಯನ್ನೆಲ್ಲ ಮಂಡಳಿಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಆ ಕಾಲವನ್ನು ಹಿರಿಯರು ಮರೆತಿಲ್ಲ; 1992ರಿಂದ 1996ರೊಳಗೆ ಅದು ಹಂತಹಂತವಾಗಿ ಸಡಿಲವಾಗಿ ನಿಂತಿತು. ದೂರದ ಗೋದಾಮೆಂದರೆ ನಮಗಿರುವ ಅನುಮಾನ ಅಲ್ಲಿಂದಲೇ ಬಂದದ್ದು. ಆದರೆ ಹೋಲಿಕೆ ತಪ್ಪಾಗಿತ್ತೆಂದು ಈಗ ಒಪ್ಪುತ್ತೇವೆ. ಪೂಲನ್ನು ಬಿಟ್ಟು ಬೇರೆಡೆಗೆ ಹೋಗುವ ಹಕ್ಕು ಬೆಳೆಗಾರನಿಗೆ ಇರಲಿಲ್ಲ. ಈಮೇಲಿನಲ್ಲಿ, ಹೆಸರಿನ ನೋಂದಣಿ ನಮ್ಮದಾಗಿದ್ದರೆ, ಸೇವೆ ಸರಿಯಿಲ್ಲದ ದಿನ ಇನ್ನೊಬ್ಬರಲ್ಲಿಗೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ. ಕೇಂದ್ರ ಸರಕಾರದ ಲಕ್ಷಾಂತರ ನೌಕರರ ಈಮೇಲ್ ಜೋಹೋ ಕಂಪನಿಯ ವ್ಯವಸ್ಥೆಗೆ ಹೋದ ಸುದ್ದಿ 2025ರಲ್ಲಿ ಬಂದಿತು. ವಿಳಾಸದಲ್ಲಿನ ಸರಕಾರದ ಹೆಸರು ಸರಕಾರದ್ದೇ ಆಗಿ ಉಳಿಯಿತು.

ಕ್ಲೌಡ್ ಅಂದರೆ ಆಕಾಶದಲ್ಲಿರುವುದೇನಲ್ಲ. ಎಲ್ಲಿಯೋ ಒಂದು ಕಟ್ಟಡ, ಅದರಲ್ಲಿ ಬೇರೆಯವರ ಸರ್ವರುಗಳು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಅಂಥ ಕಟ್ಟಡಕ್ಕೆ ಬೆಂಕಿ ಬಿತ್ತು. ಬೇರೆಡೆ ಪ್ರತಿ ಇಡದಿದ್ದ ಗಿರಾಕಿಗಳಲ್ಲಿ ಹಲವರ ದಾಖಲೆಗಳು ಮರಳಲಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕದ ರ‍್ಯಾಕ್‌ಸ್ಪೇಸ್ ಕಂಪನಿಯ ಈಮೇಲ್ ಸೇವೆಯೊಂದಕ್ಕೆ ಒತ್ತೆಹಣ ಕೇಳುವ ಕಳ್ಳರು ನುಗ್ಗಿದರು. ಅದನ್ನು ನಂಬಿದ್ದವರಲ್ಲಿ ನಮ್ಮಂಥ ಸಣ್ಣ ವ್ಯವಹಾರದವರು ಬಹಳ. ಕಂಪನಿ ಆ ಸೇವೆಯನ್ನು ಮತ್ತೆ ಕಟ್ಟಲೇ ಇಲ್ಲ.

ಇಷ್ಟು ತಿಳಿದೂ ಬಾಡಿಗೆ ಕೊಡಿ ಎನ್ನುತ್ತೇವೆ. ಸಿಡಿಲು, ಕರೆಂಟು, ಇಲಿ, ತೇವ, ಇವುಗಳ ನಡುವೆ ಸರ್ವರ್ ಕಾಯುವ ಆಳು ನಮ್ಮಲ್ಲಿಲ್ಲ. ಅಲ್ಲದೆ 2024ರಿಂದ ಗೂಗಲ್, ಯಾಹೂ ಮೊದಲಾದವರು ಕಳಿಸುವವರ ಗುರುತನ್ನು ಬಿಗಿಯಾಗಿ ಪರೀಕ್ಷಿಸತೊಡಗಿದ ಮೇಲೆ, ನಮ್ಮ ಹಳೆಯ ಸರ್ವರಿನಿಂದ ಹೋದ ಪತ್ರಗಳು ವ್ಯಾಪಾರಿಗಳ ಕಸದ ಡಬ್ಬಿಗೆ ಬೀಳುತ್ತಿದ್ದವು. ಉತ್ತರ ಬರಲಿಲ್ಲವೆಂದು ನಾವು ಅವರನ್ನು ದೂರುತ್ತಿದ್ದೆವು. ಆದರೆ ಬಾಡಿಗೆಗೆ ಒಪ್ಪುವಾಗ ಮಹಾಸಭೆ ಆಡಳಿತ ಮಂಡಳಿಯಿಂದ ಬರಹದಲ್ಲಿ ಕೇಳಬೇಕಾದದ್ದಿದೆ. ಡೊಮೈನ್ ಸಂಘದ ಹೆಸರಿನಲ್ಲಿರಬೇಕು, ನವೀಕರಣದ ದಿನಾಂಕ ನಡವಳಿ ಪುಸ್ತಕದಲ್ಲಿರಬೇಕು. ಅದರ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳಲ್ಲಿ ಒಂದು, ಅಧ್ಯಕ್ಷರಲ್ಲಿ ಒಂದು ಇರಬೇಕು. ಮರಳಿ ಪಡೆಯಲು ಕೊಟ್ಟ ವಿಳಾಸ ಬೇರೆ ಕಡೆಯದಾಗಿರಬೇಕು. ತಿಂಗಳಿಗೊಮ್ಮೆ ಅಂಚೆಯ ಪ್ರತಿಯನ್ನು ಇಳಿಸಿ, ಕಛೇರಿಯಿಂದ ದೂರದ ಗೋದಾಮಿನಲ್ಲಿಡಬೇಕು. ಜಿಮೇಲಿನಲ್ಲಿ ಅಳಿಸಿದ ಪತ್ರ ಕಸದ ಡಬ್ಬಿಯಲ್ಲಿ ಇರುವುದು 30 ದಿನ ಮಾತ್ರ. ಬಾಡಿಗೆ ಕೊಟ್ಟೆವೆಂದು ಕಾಪಿಟ್ಟಂತಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಪತ್ರವನ್ನಾದರೂ ತೆರೆದು ತೋರಿಸಬೇಕು. ನಮ್ಮ ಶನಿವಾರದ ಡಿಸ್ಕನ್ನು ಯಾರೂ ಒಂದು ದಿನವೂ ತೆರೆದು ನೋಡಿರಲಿಲ್ಲ. ತೋಟದ ಬಿಂದುಗಳ ಪಟ್ಟಿ ಈಮೇಲಿನಲ್ಲಲ್ಲದೆ ಪ್ರತ್ಯೇಕ ದಾಖಲೆಯಾಗಿ, ಮುದ್ರಿತ ಪ್ರತಿಯ ಸಹಿತ ಇರಬೇಕು.

2025ರ ಮೇ ತಿಂಗಳಲ್ಲಿ ಸಂಘಕ್ಕೆ ಈಮೇಲ್ ಕಳಿಸಿ ಉತ್ತರ ಪಡೆಯದ ಸದಸ್ಯರು ದಯವಿಟ್ಟು ಮತ್ತೊಮ್ಮೆ ಕಳಿಸಬೇಕು, ಅಥವಾ ಕಛೇರಿಗೆ ಬಂದು ಹೇಳಿದರೂ ಆದೀತು. ಈಮೇಲ್ ಬೇರೆಡೆಗೆ ಹೋದ ಸುದ್ದಿ ಹಿಡಿದು, ಸಂಘದ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಗೊಬ್ಬರದ ಹಣ ಇಲ್ಲಿಗೆ ಕಟ್ಟಿ’ ಎಂಬ ಪತ್ರ ಬಂದರೆ ನಂಬಬೇಡಿ; ಸಂಘದ ಖಾತೆ ಬದಲಾಗಿಲ್ಲ. ಸಂದೇಹವಿದ್ದರೆ ನಿಮ್ಮ ಪಾಸ್ ಪುಸ್ತಕದ ಮೇಲಿರುವ ಸಂಘದ ಫೋನ್ ನಂಬರಿಗೆ ಮಾತಾಡಿ, ಪತ್ರದಲ್ಲಿ ಕೊಟ್ಟ ನಂಬರಿಗೆ ಅಲ್ಲ.