ಜೀವವಿಜ್ಞಾನದ ಬೋಧನೆಯೂ ಅನುಭವ ವಿನಿಮಯವೂ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ಸಭೆಗಳುಂಟು, ಪತ್ರಿಕೆಗಳುಂಟು, ಮನ್ನಣೆಯುಂಟು. ಬೋಧನೆಗೆ ಇವು ದೊರೆಯುವುದು ಅತಿ ವಿರಳ. ಸಸ್ಯಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಮೂವತ್ತು ವರ್ಷ ಬೋಧಿಸಿದ ಅಧ್ಯಾಪಕರು, ಯಾವ ಪಾಠದಲ್ಲಿ ವಿದ್ಯಾರ್ಥಿಗಳು ಎಡವುವರು, ಅವರನ್ನು ಹೇಗೆ ದಾಟಿಸಬೇಕು ಎಂಬುದನ್ನು ಚೆನ್ನಾಗಿ ಬಲ್ಲರು. ಅವರು ನಿವೃತ್ತರಾದ ದಿನ ಹಾರ ತುರಾಯಿಗಳ ಸಮಾರಂಭವು ಮುಗಿದೊಡನೆ ಆ ಅನುಭವವೂ ಅವರೊಡನೆ ಮನೆಗೆ ನಡೆಯುವುದು. ಅವರ ಸ್ಥಾನಕ್ಕೆ ಬಂದ ತರುಣರು ಮತ್ತೆ ಓನಾಮದಿಂದ ಆರಂಭಿಸತಕ್ಕದ್ದೇ. ಇದು ಒಂದು ಕಾಲೇಜಿನ ನಷ್ಟವಲ್ಲ, ದೇಶದ ನಷ್ಟವು.

ಇದಕ್ಕೆ ಪರಿಹಾರವು ದುಬಾರಿಯದಲ್ಲ. ನೆರೆಹೊರೆಯ ನಾಲ್ಕಾರು ಕಾಲೇಜುಗಳ ಜೀವವಿಜ್ಞಾನದ ಅಧ್ಯಾಪಕರು ಮೂರು ತಿಂಗಳಿಗೊಮ್ಮೆ ಒಂದೆಡೆ ಸೇರಲಿ. ಒಬ್ಬೊಬ್ಬರಿಗೆ ಹತ್ತೇ ನಿಮಿಷ. ಒಂದು ಪಾಠ, ಅದರೊಳಗಿನ ಒಂದು ತೊಡಕು, ತಾವು ಹೂಡಿದ ಉಪಾಯ, ಅದರ ಫಲ, ಇಷ್ಟನ್ನು ಹೇಳಿ ಕುಳಿತುಕೊಳ್ಳಲಿ. ಉಪಾಯವು ಫಲಿಸದಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಲಿ.

ಇಂಥ ಕಿರುಭಾಷಣದಿಂದ ಆಗುವ ಪ್ರಯೋಜನವೇನೆಂದು ಕೇಳುವವರಿಗೆ ಒಂದು ಉದಾಹರಣೆಯು ಸಾಕು. ಮರದ ತೂಕವೆಲ್ಲ ಮಣ್ಣಿನಿಂದ ಬಂದುದೆಂದು ಭಾವಿಸುವ ವಿದ್ಯಾರ್ಥಿಗಳು ಅನೇಕರು. 1648ರಲ್ಲಿ ಪ್ರಕಟವಾದ ವಾನ್ ಹೆಲ್ಮಾಂಟನ ಪ್ರಯೋಗದಲ್ಲಿ, 200 ಪೌಂಡು ಮಣ್ಣಿನಲ್ಲಿ ನೆಟ್ಟ ವಿಲೋ ಸಸಿಯು 5 ವರ್ಷಗಳಲ್ಲಿ ಸುಮಾರು 164 ಪೌಂಡು ಹೆಚ್ಚಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸು ಮಾತ್ರ. ಆ ತೂಕವೆಲ್ಲ ನೀರಿನಿಂದಲೇ ಬಂತೆಂದು ಆತನು ಬಗೆದನು. ಅಧ್ಯಾಪಕರು ಮೊದಲು ವಿದ್ಯಾರ್ಥಿಗಳಿಂದಲೇ ಉತ್ತರವನ್ನು ಬರೆಯಿಸಿ, ಬಳಿಕ ಈ ಅಂಕಿಗಳನ್ನು ಮುಂದಿಟ್ಟು, ಅಲ್ಲಿಂದ ಗಾಳಿಯ ಇಂಗಾಲದ ಡೈಆಕ್ಸೈಡಿನ ಕಡೆಗೆ ಕರೆದೊಯ್ದರೆ, ದ್ಯುತಿಸಂಶ್ಲೇಷಣೆಯು ಕಂಠಪಾಠದ ಸೂತ್ರವಾಗಿ ಉಳಿಯಲಾರದು. ಹತ್ತು ನಿಮಿಷದಲ್ಲಿ ಹೇಳಬಹುದಾದ ಈ ಉಪಾಯವನ್ನು ಮರುದಿನವೇ ಹತ್ತು ತರಗತಿಗಳಲ್ಲಿ ನಡೆಸಬಹುದಲ್ಲವೆ?

ಪ್ರಯೋಗಶಾಲೆಯ ಪಾಠಗಳಿಗಂತೂ ಇದರ ಅವಶ್ಯಕತೆಯು ಇನ್ನೂ ಹೆಚ್ಚಿನದು. ಪ್ರಾಣಿಗಳ ಅಂಗಚ್ಛೇದನವನ್ನು ಕಡಿಮೆ ಮಾಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2011ರಲ್ಲಿ ಸೂಚಿಸಿ, 2014ರಲ್ಲಿ ಅದನ್ನು ನಿಲ್ಲಿಸುವಂತೆ ತಿಳಿಸಿತು. ಆ ನಿರ್ಣಯವು ಯೋಗ್ಯವೇ. ಆದರೆ ತೆರವಾದ ಸ್ಥಳವನ್ನು ತುಂಬುವ ಕೌಶಲವು ಸುತ್ತೋಲೆಯಿಂದ ಬರುವಂಥದಲ್ಲ. ಯಾವ ಮಾದರಿಯಿಂದ, ಯಾವ ಗಣಕಚಿತ್ರದಿಂದ ದೇಹರಚನೆಯು ನಿಜವಾಗಿ ಮನದಟ್ಟಾಗುವುದೆಂಬುದನ್ನು ಬಳಸಿ ನೋಡಿದವರೇ ಹೇಳಬೇಕು. ಅವರು ಹೇಳದಿದ್ದಲ್ಲಿ, ರೆಕಾರ್ಡ್ ಪುಸ್ತಕಕ್ಕೆ ಚಿತ್ರವನ್ನು ನಕಲು ಮಾಡುವುದೇ ಪ್ರಯೋಗವೆನಿಸಿಕೊಳ್ಳುವುದು.

2020ರಲ್ಲಿ ಕೋವಿಡ್ ಪಿಡುಗಿನಿಂದ ಪ್ರಯೋಗಶಾಲೆಗಳು ಮುಚ್ಚಿದಾಗ ಬ್ರಿಟನ್ನಿನ ಜೀವವಿಜ್ಞಾನದ ಅಧ್ಯಾಪಕರು ಅಂತರ್ಜಾಲದ ಸಭೆಗಳಲ್ಲಿ ಕಿರುಭಾಷಣಗಳ ಮೂಲಕ ತಮ್ಮ ತಮ್ಮ ಉಪಾಯಗಳನ್ನು ಹಂಚಿಕೊಂಡರು. ನಮಗೆ ಮೇಲ್ಪಂಕ್ತಿಯನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ವಿದ್ಯಾರ್ಥಿಗಳೊಡನೆ ಕಾಡುಮೇಡು ಸುತ್ತಿ ಸಸ್ಯಗಳನ್ನು ಪರಿಚಯಿಸಿದ ಬಗೆಯನ್ನು ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿನಲ್ಲಿ ಬರೆದಿಟ್ಟರು; 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಅಂಥ ಲೇಖನಿಯು ಎಲ್ಲರಿಗೂ ಇರುವುದಿಲ್ಲ. ಹತ್ತು ನಿಮಿಷ ಮಾತನಾಡುವ ನಾಲಗೆಯಾದರೂ ಪ್ರತಿಯೊಬ್ಬ ಅಧ್ಯಾಪಕರಿಗೂ ಉಂಟು. ಆ ಮಾತು ಕನ್ನಡದಲ್ಲಿಯೇ ನಡೆಯಲಿ. ಕನ್ನಡ ಶಾಲೆಗಳಿಂದ ಬಂದ ಮಕ್ಕಳಿಗೆ ಇಂಗ್ಲಿಷಿನ ಪರಿಭಾಷೆಯನ್ನು ಬಿಡಿಸಿ ಹೇಳುವುದೇ ಒಂದು ದೊಡ್ಡ ವಿದ್ಯೆಯಾಗಿದೆ.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಮೂರು. ಸಭೆಯ ದಿನವನ್ನು ಕರ್ತವ್ಯದ ದಿನವೆಂದು ಪರಿಗಣಿಸಬೇಕು. ಅತಿಥಿ ಉಪನ್ಯಾಸಕರನ್ನೂ ಪ್ರಯಾಣವೆಚ್ಚ ಕೊಟ್ಟು ಕರೆಯಬೇಕು. ಎಷ್ಟೋ ತರಗತಿಗಳ ಭಾರವು ಅವರ ಹೆಗಲ ಮೇಲಿದೆ. ಅಲ್ಲಿ ಆಡಿದ ಮಾತನ್ನು ಯಾರ ಮೇಲೂ ದೋಷಾರೋಪಣೆಗೆ ಬಳಸಕೂಡದು. ತಪಾಸಣೆಯ ಭಯವು ಹೊಕ್ಕಲ್ಲಿ, ಫಲಿಸದ ಪಾಠದ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳಲಾರರು; ಎಲ್ಲರೂ ತಮ್ಮ ಜಯವನ್ನೇ ಸಾರುವ ಸಭೆಯಿಂದ ಕಲಿಯತಕ್ಕದ್ದು ಏನೂ ಇರಲಾರದು.

ಕಟ್ಟಡಗಳಿಗೂ ಉಪಕರಣಗಳಿಗೂ ಹಣವನ್ನು ಬೇಡುವ ನಮ್ಮ ವಿಶ್ವವಿದ್ಯಾಲಯಗಳು, ಹಣವಿಲ್ಲದೆ ದೊರೆಯುವ ಈ ಸಂಪತ್ತನ್ನು ಇನ್ನಾದರೂ ಕಡೆಗಣಿಸದಿರಲೆಂದು ಆಶಿಸುವೆವು.