ನಮ್ಮ ಟೀ-ಶರ್ಟ್, ನಮ್ಮದೇ ಸಾಲು

ನವೆಂಬರ್ 1 ಬಂತಂದ್ರೆ ಕ್ಯಾಂಪಸ್ ತುಂಬ ಅದೇ ಬಲ್ಕ್ ಆರ್ಡರ್ ಟೀ-ಶರ್ಟ್, ಅದೇ ರೆಡಿಮೇಡ್ ಸಾಲು. ಈ ಸಲ ನಾವೇ ಮಾಡ್ಕೊಳ್ಳೋಣ ಅಂತೀನಿ. ಕಾಟನ್ ಟೀ-ಶರ್ಟ್, ಇಂಕ್‌ಜೆಟ್ ಪ್ರಿಂಟರ್, ಟ್ರಾನ್ಸ್‌ಫರ್ ಪೇಪರ್, ಇಸ್ತ್ರಿ ಪೆಟ್ಟಿಗೆ ಇದ್ರೆ ಸಾಕು. ಬಿಳಿ ಬಟ್ಟೆಯ ಪೇಪರ್ ಆದ್ರೆ ಅಕ್ಷರ ಉಲ್ಟಾ, ಕನ್ನಡಿಯಲ್ಲಿ ಕಾಣೋ ಹಾಗೆ ಪ್ರಿಂಟ್ ತೆಗೀಬೇಕು; ಕಪ್ಪು ಬಟ್ಟೆಯದಕ್ಕೆ ನೇರವಾಗಿ. ಸ್ಟೀಮ್ ಆಫ್ ಮಾಡಿ, ಗಟ್ಟಿ ಮೇಜಿನ ಮೇಲಿಟ್ಟು ಒತ್ತಬೇಕು.

ಅಂಗಡಿ ಪ್ರಿಂಟಿನಷ್ಟು ಬಾಳಿಕೆ ಬರಲ್ಲ, ಒಗೀತಾ ಒಗೀತಾ ಬಿರುಕು ಬಿಡುತ್ತೆ, ನಿಜ. ಆದ್ರೆ ಒಂದೇ ಒಂದು ಪೀಸ್ ಬೇಕಾದ್ರೂ ಮಾಡಬಹುದು. ಧಾರವಾಡದವರು ಅವರ ಮಾತು, ಕುಂದಾಪುರದವರು ಅವರ ಮಾತು ಹಾಕ್ಕೊಳ್ಳಬಹುದು. ನನ್ನಂಥ ಇಂಗ್ಲಿಷ್ ಮೀಡಿಯಂನವರು ಸ್ವಂತವಾಗಿ ಒಂದು ಸಾಲು ಬರೆದು, ಒತ್ತಕ್ಷರ ಸರಿಯಿದೆಯಾ ಅಂತ ಎರಡೆರಡು ಸಲ ನೋಡ್ತೀವಿ. ಬಲ್ಕ್ ಆರ್ಡರ್‌ನಲ್ಲಿ ಆ ಕೆಲಸಾನೇ ಇಲ್ಲ.