ಎಣ್ಣೆ ಎಲ್ಲಿಗೆ ಹೋಗುತ್ತದೆ

ಮಸಗುಪ್ಪಿಯಾಗಲಿ, ಪಟಗುಂದಿಯಾಗಲಿ, ಹುಣಶ್ಯಾಳವಾಗಲಿ, ಘಟಪ್ರಭೆಯ ದಂಡೆಯ ಯಾವ ಊರಿಗೆ ಹೊಸ ಗಾಡಿ ಬಂದರೂ ನೋಡಲು ಬಂದವರ ಮೊದಲ ಪ್ರಶ್ನೆ ಒಂದೇ: “ಆವರೇಜ್ ಎಷ್ಟ ಕೊಡತೈತಿ?” ಬೈಕಿಗೂ ಅದೇ, ಜೀಪಿಗೂ ಅದೇ, ಕಬ್ಬು ಹೇರುವ ಟ್ರ್ಯಾಕ್ಟರಿಗೂ ಅದೇ. ಗಾಡಿಯ ಬಣ್ಣ, ಗಾಲಿಯ ಅಳತೆ ಹೇಗೆ ಗಾಡಿಯ ಜೊತೆಗೇ ಬರುತ್ತವೆಯೋ ಹಾಗೆ ಆವರೇಜ್ ಕೂಡ ಶೋರೂಮಿನಿಂದಲೇ ಬರುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಇನ್ನೊಂದು ಕಡೆ, ಎಣ್ಣೆ ಉಳಿಯದಿದ್ದರೆ ತಪ್ಪೆಲ್ಲ ಡ್ರೈವರನದೇ ಎನ್ನುವ ಮಾಲೀಕರೂ ಇದ್ದಾರೆ. ಎರಡೂ ಅರ್ಧ ಸತ್ಯ. ಒಂದೊಂದು ಬಗೆಯ ಎಂಜಿನ್ ಎಣ್ಣೆಯನ್ನು ಒಂದೊಂದು ಜಾಗದಲ್ಲಿ ಪೋಲು ಮಾಡುತ್ತದೆ. ಆ ಜಾಗ ಯಾವುದೆಂದು ತಿಳಿಯದವನಿಗೆ ಹೇಳುವ ಬುದ್ಧಿಮಾತು ವ್ಯರ್ಥ. ತಿಳಿದವನು ಸಹ ಅದನ್ನು ಪಾಲಿಸಬೇಕಾದರೆ ಅವನ ಕೆಲಸದ ಕರಾರು ಅದಕ್ಕೆ ಅನುವು ಕೊಡಬೇಕು. ನಮ್ಮ ಭಾಗದ ಚರ್ಚೆಯಲ್ಲಿ ಈ ಎರಡನೆಯ ಸಂಗತಿ ಬರುವುದೇ ಇಲ್ಲ.

ಮೊದಲು ಎಂಜಿನ್. ಇಂದು ನಾವು ಓಡಿಸುವ ಪೆಟ್ರೋಲ್ ಎಂಜಿನ್ನಿನ ಮೂಲ ನಿಕೋಲಸ್ ಆಟೊ 1876ರಲ್ಲಿ ಮಾಡಿದ ನಾಲ್ಕು ಸ್ಟ್ರೋಕಿನ ಯಂತ್ರದಲ್ಲಿದೆ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಪೆಟ್ರೋಲ್ ಎಂಜಿನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಂಬತ್ತು ಹತ್ತು ಪಟ್ಟು ಒತ್ತಿ ಕಿಡಿ ಹೊತ್ತಿಸುತ್ತದೆ. ಅದಕ್ಕಿಂತ ಬಹಳ ಹೆಚ್ಚು ಒತ್ತಿದರೆ ಮಿಶ್ರಣ ಹೊತ್ತಿಗೆ ಮೊದಲೇ ಸಿಡಿದು ಎಂಜಿನ್ ಬಡಿಯತೊಡಗುತ್ತದೆ. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು. ಆದ್ದರಿಂದ ಹದಿನಾರು, ಹದಿನೆಂಟು ಪಟ್ಟು ಒತ್ತಿದರೂ ಭಯವಿಲ್ಲ. ಹಾಗೆ ಕಾದ ಗಾಳಿಗೆ ಡೀಸೆಲ್ ಚಿಮುಕಿಸಿದರೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಉರಿಯಿಂದ ಹೆಚ್ಚು ಕೆಲಸ ಸಿಗುತ್ತದೆ. ಡೀಸೆಲ್ ಗಾಡಿಯ ಮಿತವ್ಯಯಕ್ಕೆ ಇದೇ ಮುಖ್ಯ ಕಾರಣ. ಇನ್ನೂ ಒಂದು ಸಣ್ಣ ಕಾರಣವನ್ನು ಜನ ಮರೆಯುತ್ತಾರೆ: ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗಿದರೆ ಡೀಸೆಲ್ 830 ಗ್ರಾಂ ತೂಗುತ್ತದೆ, ಅದರೊಳಗಿನ ಶಕ್ತಿಯೂ ಆ ಪ್ರಮಾಣದಲ್ಲಿ ಹೆಚ್ಚು. ಲೀಟರಿಗೆ ಲೀಟರ್ ಹೋಲಿಸಿ ಪೆಟ್ರೋಲ್ ಗಾಡಿಯನ್ನು ಹೀಗಳೆಯುವುದು ಪೂರ್ತಿ ನ್ಯಾಯವಲ್ಲ.

ಹಳೆಯ ಟೂ-ಸ್ಟ್ರೋಕ್ ಗಾಡಿಗಳನ್ನು ನೆನೆಯಿರಿ. ಲೂನಾ, ಬಜಾಜ್ ಸ್ಕೂಟರ್, ಯಮಹಾ ಆರ್‌ಎಕ್ಸ್ 100. ಅವುಗಳಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತಿತ್ತು. ಒಂದು ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತಿತ್ತು. ಎಷ್ಟು ನಾಜೂಕಾಗಿ ಓಡಿಸಿದರೂ ಆ ನಷ್ಟ ತಪ್ಪುತ್ತಿರಲಿಲ್ಲ. 1985ರಲ್ಲಿ ಹೀರೊ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದು ಹಳ್ಳಿಯ ಪೆಟ್ರೋಲ್ ಖರ್ಚನ್ನೇ ಬದಲಿಸಿದ್ದು ಸವಾರರು ಜಾಣರಾದದ್ದರಿಂದಲ್ಲ, ನಾಲ್ಕು ಸ್ಟ್ರೋಕಿನ ಎಂಜಿನ್ ಬಂದದ್ದರಿಂದ. ಅಭ್ಯಾಸದ ಮಹಿಮೆಯನ್ನು ಹಾಡುವ ಮೊದಲು ಎಂಜಿನ್ನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು.

ಆದರೆ ಈಗಿನ ಬೈಕಿನಲ್ಲಿ ಸವಾರನ ಕೈಯಲ್ಲಿ ಬಹಳಷ್ಟಿದೆ. ಪೆಟ್ರೋಲ್ ಎಂಜಿನ್ನಿನ ವೇಗವನ್ನು ಹಿಡಿದಿಡುವುದು ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಕವಾಟ. ಅದು ಅರ್ಧ ಮುಚ್ಚಿದ್ದಾಗ ಪಿಸ್ಟನ್ ಇಕ್ಕಟ್ಟಾದ ದಾರಿಯಿಂದ ಗಾಳಿ ಎಳೆಯಲು ಹೆಣಗುತ್ತದೆ. ಆ ಹೆಣಗಾಟಕ್ಕೂ ಪೆಟ್ರೋಲ್ ಬೇಕು. ಮೂರನೇ ಗೇರಿನಲ್ಲಿ ಎಂಜಿನ್ ಕಿರುಚಿಸುತ್ತ ಹೋಗುವುದಕ್ಕಿಂತ ನಾಲ್ಕನೆಯದಕ್ಕೆ ಹಾಕಿ ಥ್ರಾಟಲ್ ಸ್ವಲ್ಪ ಹೆಚ್ಚು ತೆರೆದು ಅದೇ ವೇಗದಲ್ಲಿ ಹೋದರೆ ಖರ್ಚು ಕಡಿಮೆಯಾಗುವುದು ಇದಕ್ಕೇ. ಬ್ರೇಕಿನ ಲೆಕ್ಕ ಇನ್ನೂ ಸ್ಪಷ್ಟ. ಇಬ್ಬರು ಕೂತ 100 ಸಿಸಿ ಬೈಕ್ ಸುಮಾರು 250 ಕೆ.ಜಿ. ಅದನ್ನು 60 ಕಿ.ಮೀ. ವೇಗಕ್ಕೆ ತರಲು ಬೇಕಾದ ಶಕ್ತಿಗೆ, ಎಂಜಿನ್ನಿನ ನಷ್ಟವನ್ನೂ ಸೇರಿಸಿದರೆ, ಹೆಚ್ಚುಕಡಿಮೆ 5 ಮಿಲಿಲೀಟರ್ ಪೆಟ್ರೋಲ್ ಉರಿಯುತ್ತದೆ. ಉಬ್ಬು ಕಂಡಾಗ ಗಕ್ಕನೆ ಬ್ರೇಕ್ ಹಾಕಿದರೆ ಆ ಐದು ಮಿಲಿಲೀಟರ್ ಬ್ರೇಕಿನ ಬಿಸಿಯಾಗಿ ಹೋಯಿತು. ಲೀಟರಿಗೆ 60 ಕಿ.ಮೀ. ಓಡುವ ಗಾಡಿಗೆ ಅದು 300 ಮೀಟರ್ ದಾರಿ. ಉಬ್ಬು ದೂರದಲ್ಲಿರುವಾಗಲೇ ಆಕ್ಸಿಲರೇಟರ್ ಬಿಟ್ಟವನಿಗೆ ಅದರಲ್ಲಿ ಬಹುಪಾಲು ಉಳಿಯುತ್ತದೆ. ಇನ್ನು ವೇಗ: 50ರಿಂದ 80ಕ್ಕೆ ಏರಿದರೆ ಗಾಳಿಯ ತಡೆ ಎರಡೂವರೆ ಪಟ್ಟಾಗುತ್ತದೆ. ಗೋಕಾಕದಿಂದ ಘಟಪ್ರಭಾ ಸ್ಟೇಷನ್ನಿಗೆ ಹೋಗುವ ಹುಡುಗರಿಗೆ ಅದರಿಂದ ಉಳಿಯುವುದು ಕೆಲವೇ ನಿಮಿಷ.

ಈ ಬೈಕಿನ ಪಾಠವನ್ನು ಟ್ರ್ಯಾಕ್ಟರಿಗೆ ಹೇಳಿದರೆ ನಡೆಯುವುದಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಕಬ್ಬು ಬೆಳೆಯುವ ಜಿಲ್ಲೆ ಬೆಳಗಾವಿ. ಹಂಗಾಮು ಶುರುವಾದರೆ ಹುಣಶ್ಯಾಳದ ಸತೀಶ್ ಶುಗರ್ಸ್, ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹಿರಣ್ಯಕೇಶಿ, ಹೀಗೆ ಎಲ್ಲ ದಿಕ್ಕಿಗೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಇಷ್ಟು ನಿಧಾನದ ಗಾಡಿಗೆ ಗಾಳಿಯ ತಡೆ ಲೆಕ್ಕಕ್ಕಿಲ್ಲ. ಅದರ ಎಣ್ಣೆಯನ್ನು ತಿನ್ನುವುದು ಭಾರ, ಏರು, ಮಣ್ಣು. ಕಬ್ಬು, ಟ್ರೇಲರು, ಟ್ರ್ಯಾಕ್ಟರು ಸೇರಿ ಒಟ್ಟು 20 ಟನ್ ಎಂದುಕೊಳ್ಳಿ. ಒಳ್ಳೆಯ ಡಾಂಬರಿನ ಸಮತಟ್ಟು ರಸ್ತೆಯಲ್ಲಿ ಅದನ್ನು ಉರುಳಿಸಲು ಸುಮಾರು 300 ಕೆ.ಜಿ. ಬಲದ ಎಳೆತ ಸಾಕು. ನೂರು ಅಡಿಗೆ ಮೂರು ಅಡಿ ಏರುವ ರಸ್ತೆ ಬಂದರೆ ಇನ್ನೂ 600 ಕೆ.ಜಿ. ಸೇರಿ ಎಳೆತ ಮೂರು ಪಟ್ಟು. ನೀರು ಹಾಯಿಸಿದ ಹಸಿ ಎರೆಮಣ್ಣಿನ ಹೊಲದಲ್ಲಾದರೆ 2,000 ಕೆ.ಜಿ. ದಾಟುತ್ತದೆ. ಟ್ರ್ಯಾಕ್ಟರಿನ ತೂಕವೇ ಎರಡು ಟನ್ನಿನ ಆಸುಪಾಸು. ಗಾಲಿ ನೆಲವನ್ನು ಹಿಡಿಯದೆ ನಿಂತಲ್ಲೇ ತಿರುಗತೊಡಗುತ್ತದೆ. ಹೊಲದಿಂದ ರಸ್ತೆಗೆ ಟ್ರೇಲರುಗಳನ್ನು ಒಂದೊಂದಾಗಿ ಎಳೆಯುವುದು, ಮುಂದೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟುವುದು ಇದರಿಂದಲೇ. ಗಾಲಿ ಸುಮ್ಮನೆ ತಿರುಗಿದ ಒಂದೊಂದು ಸುತ್ತಿಗೂ ಡೀಸೆಲ್ ಹೋಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹೊಲದ ದಾರಿಗೆ ನಾಲ್ಕು ಬುಟ್ಟಿ ಗರಸು ಹಾಕಿಸಿದ ರೈತ ಡ್ರೈವರನಿಗಿಂತ ಹೆಚ್ಚು ಎಣ್ಣೆ ಉಳಿಸುತ್ತಾನೆ ಎಂದರೆ ಉತ್ಪ್ರೇಕ್ಷೆಯಲ್ಲ.

ಸಮತಟ್ಟು ರಸ್ತೆಯ ಲೆಕ್ಕವನ್ನು ಇನ್ನೊಮ್ಮೆ ನೋಡಿ. 300 ಕೆ.ಜಿ. ಎಳೆತವನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಕೊಡಲು ಗಾಲಿಯ ಬಳಿ ಬೇಕಾಗುವುದು 16, 17 ಎಚ್‌ಪಿ. ಎಂಜಿನ್ 50 ಎಚ್‌ಪಿಯದು. ಮೂರನೇ ಒಂದು ಪಾಲು ಶಕ್ತಿ ಸಾಕಾಗುವಲ್ಲಿ ಕೈಯ ಆಕ್ಸಿಲರೇಟರನ್ನು ಪೂರ್ತಿ ಎಳೆದಿಟ್ಟು ಸಣ್ಣ ಗೇರಿನಲ್ಲಿ ಓಡಿಸಿದರೆ, ಎಂಜಿನ್ ಒಳಗಿನ ತಿಕ್ಕಾಟಕ್ಕೇ ಡೀಸೆಲ್ ಸುರಿದಂತೆ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಂತೆ ಗಾಳಿ ಎಳೆಯುವ ಕಷ್ಟವಿಲ್ಲ. ಅದರ ನಷ್ಟ ಹೆಚ್ಚಾಗಿ ಸುತ್ತುಗಳ ಸಂಖ್ಯೆಯಲ್ಲಿದೆ. ಗೇರು ಮೇಲಕ್ಕೆ, ಆಕ್ಸಿಲರೇಟರ್ ಕೆಳಕ್ಕೆ: ಹಗುರ ಕೆಲಸಕ್ಕೆ ಇದು ಸರಿಯಾದ ಸೂತ್ರ. ಮಿತಿ ಗೊತ್ತುಮಾಡಿಕೊಳ್ಳುವುದೂ ಸುಲಭ. ಗೇರ್ ಏರಿಸಿದ ಮೇಲೆ ಆಕ್ಸಿಲರೇಟರನ್ನು ತಟ್ಟನೆ ಒತ್ತಿ ನೋಡಬೇಕು. ಎಂಜಿನ್ ಸಲೀಸಾಗಿ ಸುತ್ತು ಏರಿಸಿಕೊಂಡರೆ ಭಾರ ಸರಿಯಾಗಿದೆ. ಕಪ್ಪು ಹೊಗೆ ಬಿಟ್ಟು ತಡವರಿಸಿದರೆ ಒಂದು ಗೇರ್ ಇಳಿಸಬೇಕು. ರೋಟಾವೇಟರ್ ಹೊಡೆಯುವಾಗ ಮಾತ್ರ ಈ ಸೂತ್ರ ಬೇಡ, ಅದನ್ನು ತಿರುಗಿಸುವ ಪಿಟಿಓ ದಂಡ ನಿಮಿಷಕ್ಕೆ 540 ಸುತ್ತು ತಿರುಗಲೇಬೇಕು.

ಕಪ್ಪು ಹೊಗೆಯ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕಿದೆ. ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ನಡೆದಾಗ ಆಕಾಶಕ್ಕೆ ಹೊಗೆ ಕಾರುವ ಗಾಡಿಗೆ ಸೀಟಿ ಬೀಳುತ್ತದೆ, ಆ ಹುಮ್ಮಸ್ಸಿನಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಡಿಸಿಕೊಳ್ಳುವವರಿದ್ದಾರೆ. ಗಾಳಿ ಅಷ್ಟೇ ಇರುವಾಗ ಡೀಸೆಲ್ ಮಾತ್ರ ಹೆಚ್ಚಿಸಿದರೆ ಅದು ಪೂರ್ತಿ ಉರಿಯದೆ ಮಸಿಯಾಗಿ ಹೊರಬರುತ್ತದೆ. ಆ ಹೊಗೆ ದುಡ್ಡು ಕೊಟ್ಟು ಕೊಂಡ ಡೀಸೆಲ್ಲೇ, ಮತ್ತು ಅದನ್ನು ಉಸಿರಾಡುವುದು ಹಿಂದೆ ಬೈಕಿನಲ್ಲಿ ಬರುವ ಮಕ್ಕಳು. ಟ್ರ್ಯಾಕ್ಟರ್ ಕೊಳ್ಳುವವರು ಹೊಗೆಯನ್ನು ನೋಡುವ ಬದಲು ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯ ವರದಿ ಕೇಳಬೇಕು. ಯಾವ ಭಾರಕ್ಕೆ ಗಂಟೆಗೆ ಎಷ್ಟು ಲೀಟರ್ ಎಂದು ಅಲ್ಲಿ ಅಳೆದು ಬರೆಯುತ್ತಾರೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಟ ಇನ್ನೊಂದು. ಗೋಕಾಕ ಫಾಲ್ಸಿನ ಸುತ್ತಿನ ಇಳಿಕೆಗಳಲ್ಲಿ ಇದನ್ನು ದಿನವೂ ಕಾಣಬಹುದು. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಣ್ಣೆಯ ಪೂರೈಕೆಯೇ ನಿಲ್ಲುತ್ತದೆ, ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ತಾನು ತಿರುಗುವುದಕ್ಕಾದರೂ ಎಣ್ಣೆ ಕೇಳುತ್ತದೆ. ಟ್ರ್ಯಾಕ್ಟರಿನ ಹಳೆಯ ಪಂಪಿನ ಗವರ್ನರ್ ಸಹ ಗೇರಿನಲ್ಲಿ ಇಳಿಯುವಾಗ ಡೀಸೆಲ್ ಕಡಿತ ಮಾಡುತ್ತದೆ. ಬ್ರೇಕಿಲ್ಲದ ಎರಡು ಟ್ರೇಲರ್ ಹಿಂದಿನಿಂದ ದೂಡುತ್ತಿರುವಾಗ ನ್ಯೂಟ್ರಲ್ ಮಾಡುವುದು ಜೀವದ ಜೊತೆ ಆಟ. ಉಳಿತಾಯ ಎಂದುಕೊಂಡು ಮಾಡುವ ಈ ಕೆಲಸದಲ್ಲಿ ಉಳಿತಾಯವೂ ಇಲ್ಲ.

ನಮ್ಮ ಕಬ್ಬೇ ಈಗ ಪೆಟ್ರೋಲ್ ಟ್ಯಾಂಕಿಗೂ ಸೇರುತ್ತಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಬಂತು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ. ನೀತಿ ಆಯೋಗದ 2021ರ ವರದಿಯೇ ಹಳೆಯ ಕಾರುಗಳಲ್ಲಿ ಮೈಲೇಜ್ ಶೇಕಡ 6ರಿಂದ 7, ಬೈಕುಗಳಲ್ಲಿ ಶೇಕಡ 3ರಿಂದ 4 ಇಳಿಯಬಹುದೆಂದು ಹೇಳಿತ್ತು. ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಬೇಕು ಎನ್ನುವ ರೈತನೇ ಬೈಕಿನ ಆವರೇಜ್ ಇಳಿಯಿತೆಂದು ಬಂಕಿನಲ್ಲಿ ಜಗಳವಾಡುವ ಪರಿಸ್ಥಿತಿ. ನನ್ನ ಅಭಿಪ್ರಾಯದಲ್ಲಿ ಇದನ್ನು ಮುಚ್ಚಿಡದೆ ಹೇಳುವುದು ಸರಿ. ಬೈಕಿನ ಆ ಶೇಕಡ ಮೂರು ನಾಲ್ಕನ್ನು ಗೇರು ಮತ್ತು ಬ್ರೇಕಿನ ಹದದಿಂದಲೇ ತುಂಬಿಕೊಳ್ಳಬಹುದು ಎಂಬುದೂ ಅಷ್ಟೇ ನಿಜ.

ಹೀಗಿರುವಾಗ ಜನ ಯಾಕೆ ಹದವಾಗಿ ಓಡಿಸುವುದಿಲ್ಲ? ತಿಳಿಯದ್ದರಿಂದ ಎನ್ನುವುದು ಓದಿದವರ ಉತ್ತರ. ಕಾರ್ಖಾನೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳನ್ನು ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಸುಮ್ಮನೆ ನಿಂತು ಗುಡುಗುಡು ಎನ್ನುವ ಟ್ರ್ಯಾಕ್ಟರ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರಿನ ಆಸುಪಾಸು ಡೀಸೆಲ್ ಕುಡಿಯುತ್ತದೆ. ಡ್ರೈವರನಿಗೆ ಅದು ಗೊತ್ತಿಲ್ಲವೇ? ಗೊತ್ತು. ಆದರೆ ಬ್ಯಾಟರಿ ಮುದಿಯಾಗಿದೆ, ಆರಿಸಿದರೆ ಮತ್ತೆ ಹತ್ತುವ ಭರವಸೆಯಿಲ್ಲ. ಸಾಲು ಹತ್ತು ನಿಮಿಷಕ್ಕೊಮ್ಮೆ ಒಂದು ಗಾಡಿಯಷ್ಟು ಸರಿಯುತ್ತದೆ, ಸರಿಯದಿದ್ದರೆ ಹಿಂದಿನವನು ನುಗ್ಗುತ್ತಾನೆ. ಅವನಿಗೆ ಕೂಲಿ ಖೇಪಿನ ಮೇಲೆ, ಡೀಸೆಲ್ ಮಾಲೀಕನದು. ಕಳೆದ ಹೊತ್ತನ್ನು ರಸ್ತೆಯಲ್ಲಿ ಹಿಡಿಯಬೇಕೆಂದರೆ ಆಕ್ಸಿಲರೇಟರ್ ಪೂರ್ತಿ ಎಳೆಯುವುದೇ ದಾರಿ. ಹೊಲದಲ್ಲೂ ಇದೇ ಕಥೆ: ಗಂಟೆ ಲೆಕ್ಕದ ಬಾಡಿಗೆಯಾದರೆ ಅವಸರವಿಲ್ಲ, ಎಕರೆ ಲೆಕ್ಕವಾದರೆ ಅವಸರವೇ ಅವಸರ. ಕಾಲಿನ ಅಭ್ಯಾಸ ಎಂದು ನಾವು ಕರೆಯುವುದು ಬಹಳ ಸಲ ಕರಾರಿನ ಅಭ್ಯಾಸ.

ಮಾಲೀಕನ ಲೆಕ್ಕವೂ ಹಾಗೆಯೇ. ಟನ್ನಿನ ಮೇಲೆ ಬಾಡಿಗೆ ಸಿಗುವುದರಿಂದ ಹೇರಿದಷ್ಟೂ ಲಾಭ. ಇಲ್ಲಿ ಒಂದು ಕಹಿ ಸತ್ಯವಿದೆ: ಭಾರ ಹೆಚ್ಚಿದಷ್ಟೂ, ಒಂದು ಮಿತಿಯವರೆಗೆ, ಟನ್ನಿಗೆ ತಗಲುವ ಡೀಸೆಲ್ ನಿಜವಾಗಿ ಕಡಿಮೆಯಾಗುತ್ತದೆ. ಅತಿಭಾರದ ನಷ್ಟ ಟೈರು, ಕ್ಲಚ್ಚು, ಕಿತ್ತುಹೋದ ರಸ್ತೆ, ರಾತ್ರಿ ಹಿಂದೆ ದೀಪವಿಲ್ಲದ ಟ್ರೇಲರಿಗೆ ಗುದ್ದಿದವರ ಮನೆ ಇವುಗಳ ಪಾಲಿಗೆ ಹೋಗುತ್ತದೆ. ಎಣ್ಣೆಯ ಉಳಿತಾಯ ಒಂದನ್ನೇ ಗುರಿಯಾಗಿಟ್ಟರೆ ಅತಿಭಾರವನ್ನೂ ಸಮರ್ಥಿಸಬೇಕಾದೀತು. ಅದಕ್ಕೆ ನಾನು ಒಪ್ಪುವುದಿಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಕೂತರು, ಸರ್ಕಾರ ಅದನ್ನು 3,300ಕ್ಕೆ ತಂದು ನಿಲ್ಲಿಸಿತು. ನೂರಿನ್ನೂರು ರೂಪಾಯಿಗೆ ಅಷ್ಟು ದೊಡ್ಡ ಹೋರಾಟ ನಡೆದ ನೆಲದಲ್ಲಿ, ಕಟಾವು ಮತ್ತು ಸಾಗಾಟದ ಖರ್ಚಿನೊಳಗೆ ಸಾಲಿನಲ್ಲಿ ನಿಂತು ಉರಿದ ಡೀಸೆಲ್ ಎಷ್ಟು ಎಂದು ಯಾರೂ ಕೇಳಲಿಲ್ಲ. ಅಂತಿಮವಾಗಿ ಅದು ಬರುವುದು ಕಬ್ಬಿನ ಬಿಲ್ಲಿನಿಂದಲೇ.

ಅಳೆಯುವ ಪದ್ಧತಿ ಹೊಸದೇನಲ್ಲ. ಸಾರಿಗೆ ಸಂಸ್ಥೆಯ ಬಸ್ ಡಿಪೊಗಳಲ್ಲಿ ಯಾವ ಚಾಲಕ ಲೀಟರಿಗೆ ಎಷ್ಟು ಕಿಲೋಮೀಟರ್ ತಂದ ಎಂದು ಲೆಕ್ಕವಿಡುತ್ತಾರೆ, ಚೆನ್ನಾಗಿ ತಂದವರನ್ನು ಗುರುತಿಸುತ್ತಾರೆ. ಟ್ರ್ಯಾಕ್ಟರಿಗೆ ಕಿಲೋಮೀಟರಿನ ಬದಲು ಟನ್ನು ಬರಲಿ. ಪ್ರತಿ ಖೇಪಿನ ತೂಕದ ಚೀಟಿ ಹೇಗೂ ಕೈಯಲ್ಲಿರುತ್ತದೆ. ವಾರಕ್ಕೊಮ್ಮೆ ಟ್ಯಾಂಕ್ ತುಂಬಿಸಿದ ಚೀಟಿಯನ್ನು ಅದರ ಪಕ್ಕಕ್ಕಿಟ್ಟರೆ ಟನ್ನಿಗೆ ಎಷ್ಟು ಡೀಸೆಲ್ ಎಂಬುದು ತಿಳಿಯುತ್ತದೆ. ಹಿಂದಿನ ವಾರಕ್ಕಿಂತ ಉಳಿದ ಡೀಸೆಲ್ಲಿನ ಅರ್ಧ ಬೆಲೆ ಡ್ರೈವರನಿಗೆ ಎಂದು ಮಾಲೀಕ ಮಾತು ಕೊಡಲಿ, ಒಂದು ಒಳ್ಳೆಯ ಬ್ಯಾಟರಿ ಹಾಕಿಸಲಿ, ಹೇರುವ ಭಾರಕ್ಕೆ ಮಿತಿ ಇಡಲಿ. ಕಾರ್ಖಾನೆಗಳು ಹೊಲದಿಂದ ಗಾಡಿ ಹೊರಡುವ ಹೊತ್ತನ್ನೇ ಟೋಕನ್ನಿನಲ್ಲಿ ಬರೆದು, ತೂಕದ ಕಾಟಾದ ಮುಂದೆ ಸಾಲು ಬೆಳೆಯದಂತೆ ಮಾಡಲಿ. ಆ ಸಾಲು ಕರಗಿದ ದಿನ ಎಂಜಿನ್ ಆರಿಸು ಎಂದು ಡ್ರೈವರನಿಗೆ ಯಾರೂ ಹೇಳಬೇಕಾಗುವುದಿಲ್ಲ.